ಫೋರ್‌ಮನ್ ಗುದ್ದು ಜೋರಾ, ಶೇವರ್ಸ್ ಗುದ್ದು ಜೋರಾ? ಲೆಕ್ಕದ ಪುಸ್ತಕದಲ್ಲಿ ಸಿಗದ ಉತ್ತರ

ಓದುಗರ ಪ್ರಶ್ನೆ: "ಸಾರ್, ನಮಸ್ಕಾರ. ನಾನು ಕೋಲಾರದ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಬಾಕ್ಸಿಂಗ್ ಅಂದರೆ ಮೊದಲಿನಿಂದಲೂ ಹುಚ್ಚು. ಹೆವಿವೇಟ್ ಚಾಂಪಿಯನ್‌ಗಳಲ್ಲಿ ಯಾರಿಗೆ ಅತಿ ಜೋರು ಗುದ್ದುವ ಎದುರಾಳಿಗಳು ಸಿಕ್ಕಿದ್ದರು ಅಂತ ನನಗೂ ನನ್ನ ಸ್ನೇಹಿತನಿಗೂ ಎರಡು ತಿಂಗಳಿಂದ ಜಗಳ. ಅವನು ಟೈಸನ್ ಅಂತಾನೆ, ನಾನು ಅಲಿ ಅಂತೀನಿ. ಕೊನೆಗೆ ಒಂದು ಪುಸ್ತಕ ತೆಗೆದು ಎದುರಾಳಿಗಳ ನಾಕೌಟ್ ಶೇಕಡಾ, ಅಂದರೆ ಆಡಿದ ನೂರರಲ್ಲಿ ಎಷ್ಟು ಪಂದ್ಯದಲ್ಲಿ ಎದುರಿನವನನ್ನು ಅರ್ಧಕ್ಕೇ ಮುಗಿಸಿದರು ಅಂತ, ಬರೆದೆ. ಫೋರ್‌ಮನ್ 84, ಬ್ರೂನೊ 84, ಫ್ರೇಜಿಯರ್ 73, ಲೆನಾಕ್ಸ್ ಲೂಯಿಸ್ 73, ಹೋಲಿಫೀಲ್ಡ್ 51. ಹೀಗೆ ಒಬ್ಬೊಬ್ಬ ಚಾಂಪಿಯನ್ನಿನ ಎದುರಾಳಿಗಳ ಸರಾಸರಿ ತೆಗೆದರೆ ಉತ್ತರ ಸಿಗುತ್ತಾ? ಇನ್ನೊಂದು ವಿಷಯ ಇದೆ. ನಮ್ಮ ಅಕ್ಕನ ಮಗನಿಗೆ 16 ವರ್ಷ, 58 ಕೆಜಿ. ಬಾಕ್ಸಿಂಗ್ ಕಲಿಯುತ್ತಿದ್ದಾನೆ. ಅಲಿ ಹಗ್ಗಕ್ಕೆ ಒರಗಿ ಫೋರ್‌ಮನ್ ಏಟು ತಿಂದ ಹಾಗೆ ತಾನೂ ತಿಂದು ಗದ್ದ ಗಟ್ಟಿ ಮಾಡಿಕೊಳ್ಳಬೇಕು ಅಂತ 72 ಕೆಜಿ ಹುಡುಗನ ಜೊತೆ ಸ್ಪಾರಿಂಗ್ (ಅಭ್ಯಾಸದ ಗುದ್ದಾಟ) ಮಾಡುತ್ತಾನೆ. ಹೋದ ವಾರ ಎರಡು ದಿನ ತಲೆನೋವು ಅಂತ ಮಲಗಿದ್ದ. ಏಟು ತಿಂದರೆ ನಿಜವಾಗಲೂ ಗದ್ದ ಗಟ್ಟಿಯಾಗುತ್ತಾ?"

ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಅದು ಕಾಯುವ ವಿಷಯ ಅಲ್ಲ. ಗದ್ದ ಗಟ್ಟಿಯಾಗುವುದಿಲ್ಲ. ಸ್ಪಾರಿಂಗ್ ಆದ ಮೇಲೆ ಎರಡು ದಿನ ತಲೆನೋವು ಅಂತ ಮಲಗಿದ ಹುಡುಗನನ್ನು ಸದ್ಯಕ್ಕೆ ರಿಂಗಿಗೆ ಕಳಿಸಬೇಡಿ. ಡಾಕ್ಟರಿಗೆ ತೋರಿಸಿ. ಜೊತೆಗೆ ನೀವೇ ಹೋಗಿ, "ಬಾಕ್ಸಿಂಗ್‌ನಲ್ಲಿ ತಲೆಗೆ ಏಟು ಬಿದ್ದಿತ್ತು" ಅಂತ ನೀವೇ ಬಾಯಿಬಿಟ್ಟು ಹೇಳಿ. ಹುಡುಗರು ಹೇಳುವುದಿಲ್ಲ. ಬಿಸಿಲಿಗೆ ಬಂತು, ನಿದ್ದೆ ಇಲ್ಲ ಅಂತ ಏನೋ ಒಂದು ಹೇಳಿ ತಪ್ಪಿಸಿಕೊಳ್ಳುತ್ತಾರೆ, ಎಲ್ಲಿ ಆಟ ನಿಲ್ಲಿಸುತ್ತಾರೋ ಅಂತ ಭಯ. ವಾಂತಿ ಆದರೆ, ಮಾತು ತೊದಲಿದರೆ, ಎಬ್ಬಿಸಿದರೂ ಸರಿಯಾಗಿ ಏಳದೆ ಇದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಅವನ ವಿಷಯಕ್ಕೆ ಮತ್ತೆ ಬರುತ್ತೇನೆ. ಈಗ ನಿಮ್ಮ ಪುಸ್ತಕ ತೆಗೆಯೋಣ.

ಕೂಡಿದ್ದು, ಭಾಗಿಸಿದ್ದು ಎಲ್ಲ ಸರಿ ಇದೆ, ಅದರಲ್ಲಿ ತಪ್ಪು ಹುಡುಕಲಾರೆ. ಫೋರ್‌ಮನ್ ಆಡಿದ್ದು 81 ಪಂದ್ಯ, ನಾಕೌಟ್ 68. ಬ್ರೂನೊ ಆಡಿದ್ದು 45, ನಾಕೌಟ್ 38. ಇಬ್ಬರದ್ದೂ 84. ಆದರೆ ನೀವು ಎಣಿಸಿರುವುದು ಬಾಕ್ಸ್ ಮಾತ್ರ, ಹಣ್ಣು ಸುರಿದು ನೋಡಿಲ್ಲ. ಮೇಲೆ ಎರಡು ಸಾಲು ಒಳ್ಳೆ ಹಣ್ಣು ಜೋಡಿಸಿ ಕೆಳಗೆ ಸಣ್ಣದು ತುಂಬಿದ ಬಾಕ್ಸೂ 15 ಕೆಜಿಯೇ ತೂಗುತ್ತದೆ, ಅಲ್ವಾ? ಇದನ್ನು ನಿಮಗೆ ನಾನು ಹೇಳಿಕೊಡಬೇಕಾ?

ಬ್ರೂನೊ ಸೋತಿದ್ದು ಐದು ಸಲ. ಐದೂ ಸಲ ಪಂದ್ಯ ಪೂರ್ತಿ ಮುಗಿಯಲಿಲ್ಲ, ಅವನನ್ನು ಅರ್ಧಕ್ಕೇ ನಿಲ್ಲಿಸಿದರು. ಅವನು ಕೊನೆಗೂ ವಿಶ್ವ ಪಟ್ಟ ಗೆದ್ದದ್ದು 1995ರ ಸೆಪ್ಟೆಂಬರ್‌ನಲ್ಲಿ, ಲಂಡನ್ನಿನ ವೆಂಬ್ಲಿಯಲ್ಲಿ, ಆಲಿವರ್ ಮೆಕಾಲ್ ಮೇಲೆ. ಅದು 12 ರೌಂಡ್ ಪೂರ್ತಿ ಆಡಿ ಪಾಯಿಂಟ್ ಮೇಲೆ ಗೆದ್ದ ಪಂದ್ಯ. ಮೆಕಾಲ್‌ನನ್ನು ಅವನು ಬೀಳಿಸಲಿಲ್ಲ. ಹಾಗಂತ ಬ್ರೂನೊ ಗುದ್ದು ಸುಳ್ಳಾ? ಖಂಡಿತ ಅಲ್ಲ. ಗುದ್ದು ನಿಜವಾಗಲೂ ಭಾರಿ. ಆದರೆ ಆ 38 ನಾಕೌಟ್‌ನಲ್ಲಿ ದೊಡ್ಡ ಹೆಸರು ಕಡಿಮೆ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಹೊಸ ಹುಡುಗನಿಗೆ ಮೊದಲ ಹದಿನೈದು ಇಪ್ಪತ್ತು ಪಂದ್ಯ ಯಾರ ಜೊತೆ ಅಂತ ತೀರ್ಮಾನ ಮಾಡುವವರು ಮ್ಯಾನೇಜರ್‌ಗಳು. ಗೆಲ್ಲಲಿ, ಟಿಕೆಟ್ ಹೋಗಲಿ ಅನ್ನುವ ಲೆಕ್ಕದಲ್ಲೇ ಎದುರಾಳಿಯನ್ನು ತರುತ್ತಾರೆ. ಎಲ್ಲ ದೇಶದಲ್ಲೂ ಹೀಗೇ.

ಇನ್ನೊಂದು ತೊಡಕು ಕಾಲದ್ದು. 1974ರ ಅಕ್ಟೋಬರ್ 30ರಂದು ಆಫ್ರಿಕಾದ ಕಿನ್ಶಾಸಾದಲ್ಲಿ ಅಲಿ ಎದುರು ನಿಂತ ಫೋರ್‌ಮನ್ ಅಲ್ಲಿಯವರೆಗೆ 40 ಪಂದ್ಯ ಆಡಿ 40ನ್ನೂ ಗೆದ್ದಿದ್ದ, 37 ನಾಕೌಟ್. ಅವತ್ತು ಅವನ ಶೇಕಡಾ 92ಕ್ಕಿಂತ ಮೇಲೆ. ನಿಮ್ಮ 84ರಲ್ಲಿ ಅವನು ಹತ್ತು ವರ್ಷ ಬಿಟ್ಟು ಮತ್ತೆ ಬಂದು, ತಲೆ ಬೋಳಿಸಿಕೊಂಡು, ಹೊಟ್ಟೆ ಬಂದ ಮೇಲೆ ಆಡಿದ ಪಂದ್ಯಗಳೂ ಸೇರಿವೆ. ಅಲಿ ಸಾಲಿಗೆ 25 ವರ್ಷದ ಫೋರ್‌ಮನ್‌ನನ್ನು ಬರೆಯಬೇಕು. ಹೋಲಿಫೀಲ್ಡ್ ಸಾಲಿಗೆ 42 ವರ್ಷದ ಫೋರ್‌ಮನ್‌ನನ್ನು ಬರೆಯಬೇಕು. ನೀವು ಇಬ್ಬರಿಗೂ ಒಂದೇ ಅಂಕಿ ಹಾಕಿದ್ದೀರಿ.

ಹಾಗಾದರೆ ಗುದ್ದನ್ನು ಯಂತ್ರ ಇಟ್ಟು ಅಳೆಯಬಹುದಲ್ಲ ಅಂತ ಕೇಳುತ್ತೀರಿ. ಅಳೆದಿದ್ದಾರೆ. 1985ರಲ್ಲಿ ಇಂಗ್ಲೆಂಡಿನಲ್ಲಿ ಇದೇ ಬ್ರೂನೊನನ್ನು ಕರೆಸಿ ಅಳೆದರು. ಕೈ ಗುರಿ ಮುಟ್ಟುವಾಗ ಸೆಕೆಂಡಿಗೆ 8.9 ಮೀಟರ್ ವೇಗ. ಬಿದ್ದ ಬಲ ಸುಮಾರು 4,100 ನ್ಯೂಟನ್, ಅಂದರೆ 400 ಕೆಜಿಗೂ ಜಾಸ್ತಿ ತೂಕ ಒಂದು ಕ್ಷಣ ಒತ್ತಿದ ಹಾಗೆ. 2000ದಲ್ಲಿ ಇಂಗ್ಲೆಂಡಿನ ಅಮೆಚೂರ್ ಬಾಕ್ಸರ್‌ಗಳನ್ನು ಅಳೆದಾಗ ಇನ್ನೊಂದು ಒಳ್ಳೆ ವಿಷಯ ಗೊತ್ತಾಯಿತು. ಮೇಲಿನ ದರ್ಜೆಯವರ ಹಿಂದಿನ ಕೈಯ ನೇರ ಗುದ್ದು ಸರಾಸರಿ 4,800 ನ್ಯೂಟನ್. ಹೊಸಬರದ್ದು 2,400ರ ಹತ್ತಿರ, ಸರಿಯಾಗಿ ಅರ್ಧ. ಹೊಸಬರ ತೋಳು ಅರ್ಧ ದಪ್ಪ ಇರಲಿಲ್ಲವಲ್ಲ! ವ್ಯತ್ಯಾಸ ಇರುವುದು ಕಾಲಲ್ಲಿ, ಸೊಂಟದಲ್ಲಿ, ಮುಷ್ಟಿ ತಾಗುವ ಕ್ಷಣಕ್ಕೆ ಮೈಯೆಲ್ಲ ಒಂದಾಗಿ ಬಿಗಿಯುವುದರಲ್ಲಿ.

ನನ್ನ ಕೈಗೇ ಇದು ಗೊತ್ತು. ಇಪ್ಪತ್ತಕ್ಕೂ ಹೆಚ್ಚು ವರ್ಷದಿಂದ ಇಲ್ಲಿ ಹುಡುಗರಿಗೆ ಪ್ಯಾಡ್ ಹಿಡಿಯುತ್ತಿದ್ದೇನೆ. ಮಂಡಿಯಲ್ಲಿ ಬಾಕ್ಸ್ ಎತ್ತುವ ಹುಡುಗ ಒಬ್ಬ ಬರುತ್ತಿದ್ದ, ತೋಳು ನೋಡಿದರೆ ಹೆದರಿಕೆ ಆಗಬೇಕು. ಅವನು ಗುದ್ದಿದರೆ ಪ್ಯಾಡ್ 'ಧಬ್' ಅಂತ ಸದ್ದು ಮಾಡಿ ನನ್ನ ಕೈ ಹಿಂದಕ್ಕೆ ಹೋಗುತ್ತಿತ್ತು, ಅಷ್ಟೆ. ತಳ್ಳಿದ ಹಾಗೆ. ಅದೇ ಹೊತ್ತಿಗೆ 60 ಕೆಜಿ ಹುಡುಗಿ ಒಬ್ಬಳು ಬರುತ್ತಿದ್ದಳು. ಅವಳ ಗುದ್ದಿಗೆ ಕೈ ಹಿಂದಕ್ಕೆ ಹೋಗುತ್ತಲೇ ಇರಲಿಲ್ಲ. ಚಾಟಿ ಹೊಡೆದ ಹಾಗೆ 'ಟಪ್' ಅಂತ ಸದ್ದು. ರಾತ್ರಿ ಮುದ್ದೆ ಮುರಿಯುವಾಗ ಮಣಿಕಟ್ಟು ಚುರುಕ್ ಅನ್ನುತ್ತಿತ್ತು. ಆಗ ಗೊತ್ತಾಗುತ್ತಿತ್ತು ಯಾರು ಗುದ್ದಿದ್ದು ಅಂತ.

ಆದರೆ ಯಂತ್ರದ ಅಂಕಿಯೂ ಅರ್ಧ ಸತ್ಯ. ಯಂತ್ರ ಅಲ್ಲಾಡದೆ ನಿಂತಿರುತ್ತದೆ. ತಪ್ಪಿಸಿಕೊಳ್ಳುವುದಿಲ್ಲ, ತಿರುಗಿ ಹೊಡೆಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಏಟು ಬರುತ್ತಿದೆ ಅಂತ ಅದಕ್ಕೆ ಮೊದಲೇ ಗೊತ್ತಾಗುವುದೂ ಇಲ್ಲ, ಗೊತ್ತಾಗದೆ ಇರುವುದೂ ಇಲ್ಲ. ಮನುಷ್ಯ ಬೀಳುವುದು ಈ ಗೊತ್ತಾಗದೆ ಇರುವುದರಲ್ಲೇ.

ಇದಕ್ಕೆ ಅಲಿಗಿಂತ ಒಳ್ಳೆ ಉದಾಹರಣೆ ಸಿಗುವುದಿಲ್ಲ. ಎದುರಾಳಿಗಳ ಪಟ್ಟಿ ನೋಡಿ. ಸೋನಿ ಲಿಸ್ಟನ್, ಜಾರ್ಜ್ ಫೋರ್‌ಮನ್, ಅರ್ನಿ ಶೇವರ್ಸ್. ಹೆವಿವೇಟ್ ಚರಿತ್ರೆಯಲ್ಲಿ ಅತಿ ಭಾರಿ ಗುದ್ದಿನವರು ಅಂತ ಹತ್ತು ಹೆಸರು ಬರೆದರೆ ಈ ಮೂರೂ ಅದರಲ್ಲಿ ಬರುತ್ತವೆ. ಮೂವರಲ್ಲಿ ಒಬ್ಬನೂ ಅಲಿಯನ್ನು ನೆಲಕ್ಕೆ ಬೀಳಿಸಲಿಲ್ಲ. ಬೀಳಿಸಿದವರು ಯಾರು? 1962ರಲ್ಲಿ ಸೋನಿ ಬ್ಯಾಂಕ್ಸ್. 1963ರಲ್ಲಿ ಹೆನ್ರಿ ಕೂಪರ್, ಇಂಗ್ಲೆಂಡಿನವನು, ತೂಕ ಹೆಚ್ಚುಕಮ್ಮಿ 84 ಕೆಜಿ. 1971ರ ಮಾರ್ಚ್ 8ರಂದು ಜೋ ಫ್ರೇಜಿಯರ್, 15ನೇ ರೌಂಡಿನಲ್ಲಿ. 1975ರಲ್ಲಿ ಚಕ್ ವೆಪ್ನರ್ ಕೂಡ ಬೀಳಿಸಿದ ಅಂತ ಲೆಕ್ಕಕ್ಕಿದೆ. ಆದರೆ ಕಾಲು ತುಳಿದಿದ್ದ ಅನ್ನುವ ತಕರಾರು ಇರುವುದರಿಂದ ಅದನ್ನು ಪಕ್ಕಕ್ಕಿಡೋಣ.

ಬ್ಯಾಂಕ್ಸ್, ಕೂಪರ್, ಫ್ರೇಜಿಯರ್. ಮೂವರದ್ದೂ ಒಂದೇ ಏಟು: ಲೆಫ್ಟ್ ಹುಕ್, ಎಡಗೈ ಮಡಚಿ ಪಕ್ಕದಿಂದ ಬೀಸುವ ಗುದ್ದು.

ಇದು ಕಾಕತಾಳೀಯ ಅಲ್ಲ. ಅಲಿ ಏಟು ತಪ್ಪಿಸಿಕೊಳ್ಳುತ್ತಿದ್ದದ್ದು ತಲೆಯನ್ನು ಹಿಂದಕ್ಕೆ ಎಳೆದು. ಕೈ ಎತ್ತಿ ಮುಖ ಮುಚ್ಚುವ ಅಭ್ಯಾಸ ಅವನಿಗೆ ಕಡಿಮೆ. ನೇರ ಬರುವ ರೈಟ್‌ಗೆ, ಅಂದರೆ ಬಲಗೈ ಗುದ್ದಿಗೆ, ಇದು ಸರಿ, ಒಂದು ಗೇಣು ಹಿಂದೆ ಹೋದರೆ ಗುದ್ದು ಗಾಳಿಗೆ. ಪಕ್ಕದಿಂದ ಸುತ್ತಿ ಬರುವ ಹುಕ್‌ಗೆ ಇದೇ ಅಭ್ಯಾಸ ಬಾಗಿಲು ತೆಗೆದಿಟ್ಟ ಹಾಗೆ. ಬಲಗೈ ಕೆಳಗಿದ್ದರೆ ಬಲ ಕೆನ್ನೆ ಪೂರ್ತಿ ಖಾಲಿ. ಫೋರ್‌ಮನ್ ಹತ್ತಿರ ಬಲ ಇತ್ತು, ಆದರೆ ಅವನ ಗುದ್ದು ಅಗಲವಾಗಿ, ನಿಧಾನವಾಗಿ, ಹೇಳಿಕೇಳಿ ಬರುತ್ತಿತ್ತು. ಕೂಪರ್ ಹತ್ತಿರ ಅಷ್ಟು ಬಲ ಇರಲಿಲ್ಲ, ಆ ಬಾಗಿಲಿನ ಬೀಗದ ಕೈ ಇತ್ತು.

ನನಗೆ ಬಾಕ್ಸಿಂಗ್ ಕಲಿಸಿದವರು ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿ ಗಣಿ ಕೆಲಸ ಮಾಡಿ ರಿಟೈರ್ ಆದ ಹಿರಿಯರು. ಮೂರು ಭಾಷೆ ಸೇರಿಸಿ ಬೈಯುತ್ತಿದ್ದರು. ನಾವು ಚೀಲ ಗುದ್ದುತ್ತಿದ್ದರೆ ಪೇಪರ್ ಸುರುಳಿ ಸುತ್ತಿಕೊಂಡು ಹಿಂದೆ ಮುಂದೆ ಓಡಾಡುತ್ತಿರುತ್ತಿದ್ದರು. ಎದುರಿಗೆ ನಿಂತು, "ನೋಡು, ಹೊಡೀತೀನಿ" ಅಂತ ಹೇಳಿ ಅದರಲ್ಲಿ ಗದ್ದಕ್ಕೆ ಜೋರಾಗಿ ಹೊಡೆದರೆ ಏನೂ ಆಗುತ್ತಿರಲಿಲ್ಲ. ನಗು ಬರುತ್ತಿತ್ತು. ಯಾವಾಗಲೋ ಚೀಲದ ಆ ಕಡೆ ನೋಡುತ್ತಿದ್ದಾಗ ಪಕ್ಕದಿಂದ ಸುಮ್ನೆ ಮೆಲ್ಲಗೆ ತಟ್ಟುತ್ತಿದ್ದರು. ಕಾಲು ತಡವರಿಸಿ ಒಂದು ಹೆಜ್ಜೆ ಆ ಕಡೆ ಹೋಗಿಬಿಡುತ್ತಿದ್ದೆ. ಬರೀ ಪೇಪರ್ ಸುರುಳಿ ಸ್ವಾಮಿ! ಏಟು ಕಾಣುತ್ತಿದ್ದರೆ ಕತ್ತು ತಾನಾಗಿ ಬಿಗಿಯುತ್ತದೆ, ತಲೆ ಮೈಯ ಜೊತೆ ಒಂದಾಗಿರುತ್ತದೆ. ಕಾಣದೆ ಇದ್ದರೆ ಬುಂಡೆ ಒಂದೇ ಗಿರ್ರನೆ ತಿರುಗುತ್ತದೆ. ಗದ್ದ ಬೇರೆ ಮೀಟುಗೋಲಿನ ತುದಿ ಇದ್ದ ಹಾಗೆ. ಅಲ್ಲಿ ಬಿದ್ದ ಏಟು ತಲೆಯನ್ನು ಜಾಸ್ತಿ ತಿರುಗಿಸುತ್ತದೆ. ಬುಂಡೆ ತಿರುಗಿದಷ್ಟು ಬೇಗ ಒಳಗಿನ ಮಿದುಳು ತಿರುಗುವುದಿಲ್ಲ, ಹಿಂದೆ ಉಳಿಯುತ್ತದೆ, ನರದ ಎಳೆಗಳು ಜಗ್ಗುತ್ತವೆ. ಜ್ಞಾನ ತಪ್ಪುವುದು ಇದರಿಂದ. ಮೂಳೆ ಗಟ್ಟಿ ಇದೆಯೋ ಇಲ್ಲವೋ ಅನ್ನುವುದಕ್ಕೂ ಇದಕ್ಕೂ ಸಂಬಂಧ ಕಡಿಮೆ.

ಲೂಯಿಸ್ ಕಥೆಯೂ ಇಂಥದ್ದೇ. ರಡ್ಡಾಕ್, ಬ್ರೂನೊ, ಮಾರಿಸನ್, ಬ್ರಿಗ್ಸ್, ಟುವಾ, ಟೈಸನ್, ವಿಟಾಲಿ ಕ್ಲಿಚ್ಕೊ, ಒಬ್ಬೊಬ್ಬನ ಗುದ್ದೂ ಗೋಡೆ ಬೀಳಿಸುವಂಥದ್ದು. ಇವರಲ್ಲಿ ಯಾರೂ ಲೂಯಿಸ್‌ನನ್ನು ಸೋಲಿಸಲಿಲ್ಲ. ಸೋಲಿಸಿದವರು 1994ರಲ್ಲಿ ಮೆಕಾಲ್, 2001ರಲ್ಲಿ ಹಸೀಮ್ ರಹಮಾನ್, ಇಬ್ಬರೇ. ಎರಡೂ ಸಲ ಒಂದೇ ಒಂದು ರೈಟ್. ರಹಮಾನ್ ಜೊತೆ ಪಂದ್ಯ ದಕ್ಷಿಣ ಆಫ್ರಿಕಾದಲ್ಲಿ, ಸಮುದ್ರ ಮಟ್ಟಕ್ಕಿಂತ ತುಂಬಾ ಎತ್ತರದ ಜಾಗ. ಲೂಯಿಸ್ ತಡವಾಗಿ ಬಂದಿಳಿದ, ಮೈಯೂ ತಯಾರಿರಲಿಲ್ಲ. ಆಮೇಲೆ ಇಬ್ಬರನ್ನೂ ಮತ್ತೆ ಕರೆದು ಸೋಲಿಸಿದ, ಅದು ಬೇರೆ ಮಾತು. ನಿಮ್ಮ ಪುಸ್ತಕದ ಲೆಕ್ಕದಲ್ಲಿ ಅವನಿಗೆ ವಿಟಾಲಿ ಅತಿ ಅಪಾಯದವನು, 47ರಲ್ಲಿ 41 ನಾಕೌಟ್, ಶೇಕಡಾ 87. ನಿಜವಾದ ಅಪಾಯ ಬಂದದ್ದು ಬೇರೆ ಕಡೆಯಿಂದ.

ಇಷ್ಟಾದರೂ ಹೋಲಿಕೆ ಮಾಡಲೇಬೇಕು ಅಂದರೆ ನಾನು ಮಾಡುವ ದಾರಿ ಒಂದಿದೆ. ಒಬ್ಬನೇ ಮನುಷ್ಯ ಹಲವರ ಏಟು ತಿಂದಿರಬೇಕು, ಅವನನ್ನು ತಕ್ಕಡಿ ಮಾಡಿಕೊಳ್ಳಬೇಕು.

ಕೆನ್ ನಾರ್ಟನ್‌ನನ್ನು ತೆಗೆದುಕೊಳ್ಳಿ. ಅಲಿ ಜೊತೆ ಮೂರು ಪಂದ್ಯ, ಒಟ್ಟು 39 ರೌಂಡ್. ಒಂದರಲ್ಲಿ ಅಲಿಯ ದವಡೆ ಮುರಿದು ಗೆದ್ದ. ಅದೇ ನಾರ್ಟನ್ ಫೋರ್‌ಮನ್ ಎದುರು 1974ರಲ್ಲಿ ಎರಡನೇ ರೌಂಡಿಗೆ ಮುಗಿದ. ಶೇವರ್ಸ್ ಎದುರು 1979ರಲ್ಲಿ ಮೊದಲ ರೌಂಡಿಗೇ ಮುಗಿದ. 1981ರಲ್ಲಿ ಜೆರ್ರಿ ಕೂನಿ ಎದುರು 54 ಸೆಕೆಂಡ್. ಇದನ್ನು ನೋಡಿ, "ಹಾಗಾದರೆ ಕೂನಿ ಎಲ್ಲರಿಗಿಂತ ಜೋರು" ಅಂತ ಬರೆಯಬೇಡಿ. 1981ರ ನಾರ್ಟನ್‌ಗೆ ಮೂವತ್ತೇಳು ವರ್ಷ, ಮೈಯಲ್ಲಿ ಹಳೆ ಏಟುಗಳೇ ಒಂದು ಮೂಟೆ. ತಕ್ಕಡಿಗೂ ವಯಸ್ಸಾಗುತ್ತದೆ.

ಲ್ಯಾರಿ ಹೋಮ್ಸ್ ಇನ್ನೂ ಒಳ್ಳೆ ತಕ್ಕಡಿ. 1979ರಲ್ಲಿ ಶೇವರ್ಸ್‌ನ ರೈಟ್ ಬಿದ್ದು 7ನೇ ರೌಂಡಿನಲ್ಲಿ ಅಂಗಾತ ಬಿದ್ದ. ಎದ್ದ, 11ನೇ ರೌಂಡಿನಲ್ಲಿ ಗೆದ್ದ. 1988ರಲ್ಲಿ ಟೈಸನ್ ಅವನನ್ನು 4ನೇ ರೌಂಡಿನಲ್ಲಿ ಮೂರು ಸಲ ಬೀಳಿಸಿ ಪಂದ್ಯ ಮುಗಿಸಿದ. 75 ಪಂದ್ಯದ ಬಾಳಿನಲ್ಲಿ ಹೋಮ್ಸ್‌ನನ್ನು ಮುಗಿಸಿದ್ದು ಟೈಸನ್ ಒಬ್ಬನೇ. ನಿಮ್ಮ ಸ್ನೇಹಿತ ಈಗ ಕುರ್ಚಿಯಿಂದ ಎದ್ದು ನಿಂತಿರುತ್ತಾನೆ. ಕೂರಲು ಹೇಳಿ. ಶೇವರ್ಸ್ ಹೊಡೆದಾಗ ಹೋಮ್ಸ್‌ಗೆ 29. ಟೈಸನ್ ಹೊಡೆದಾಗ 38, ಅದಕ್ಕೂ ಮೊದಲು ಎರಡು ವರ್ಷದ ಹತ್ತಿರ ರಿಂಗ್ ಹತ್ತಿರಲಿಲ್ಲ. ಒಂದೇ ಏಟಿನ ಭಾರ ನೋಡಿದರೆ ನನ್ನ ವೋಟು ಶೇವರ್ಸ್‌ಗೆ. ಆರು ಏಟು ಎಣಿಸುವಷ್ಟರಲ್ಲಿ ಹೊಡೆದು ಮುಗಿಸುವುದರಲ್ಲಿ ಟೈಸನ್‌ಗೆ.

ಜಾರ್ಜ್ ಚುವಾಲೊ ಬಗ್ಗೆ ಎರಡು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಕೆನಡಾದವನು. 93 ಪಂದ್ಯ ಆಡಿದ, ಒಂದು ಸಲವೂ ನೆಲಕ್ಕೆ ಬೀಳಲಿಲ್ಲ. ಅಲಿ ಜೊತೆ ಎರಡು ಸಲ ಪೂರ್ತಿ ಆಡಿದ, 15 ರೌಂಡ್ ಒಂದು ಸಲ, 12 ರೌಂಡ್ ಇನ್ನೊಂದು ಸಲ. ಫ್ರೇಜಿಯರ್ ಜೊತೆ 4ನೇ ರೌಂಡಿಗೆ, ಫೋರ್‌ಮನ್ ಜೊತೆ 3ನೇ ರೌಂಡಿಗೆ ರೆಫರಿ ನಿಲ್ಲಿಸಿದರು, ಎರಡೂ ಸಲ ಅವನು ನಿಂತೇ ಇದ್ದ. ಅವನ ಮೇಲೆ ತೂಗಿದರೆ ಅಲಿ ಗುದ್ದು ಕಡಿಮೆ, ಫೋರ್‌ಮನ್ ಗುದ್ದು ಜಾಸ್ತಿ ಅಂತ ಒಪ್ಪಬಹುದು. ಅಲಿ ಅಭಿಮಾನಿ ಆಗಿದ್ದರೂ ನೀವು ಇದನ್ನು ಒಪ್ಪಿ.

ಈಗಿನ ಕಾಲದ ವೈಲ್ಡರ್ ನಿಮ್ಮ ಪುಸ್ತಕದಲ್ಲಿ ಇಲ್ಲ, ಸೇರಿಸಿ. 2020ರ ಫೆಬ್ರವರಿಗೆ ಮೊದಲು 43 ಪಂದ್ಯ, 41 ನಾಕೌಟ್, ಶೇಕಡಾ 95. ಈ ಅಂಕಿ ನೋಡಿದರೆ ಟೈಸನ್ ಫ್ಯೂರಿ (ಮೈಕ್ ಟೈಸನ್ ಅಲ್ಲ, ಇವನು ಬೇರೆ) ರಿಂಗಿನ ಹತ್ತಿರ ಬರಲೇಬಾರದಿತ್ತು. 2018ರಲ್ಲಿ 12ನೇ ರೌಂಡಿನಲ್ಲಿ ಬಿದ್ದು, ಹೆಣ ಎದ್ದ ಹಾಗೆ ಎದ್ದು ಬಂದ. ಎರಡನೇ ಸಲ ಬುದ್ಧಿ ಓಡಿಸಿದ. ದೂರ ನಿಲ್ಲುವುದು ಬಿಟ್ಟು ಮೇಲೇ ಬಿದ್ದ. ವೈಲ್ಡರ್ ಕೈ ಬೀಸಲು ಜಾಗವೇ ಸಿಗಲಿಲ್ಲ, 7ನೇ ರೌಂಡಿಗೆ ಮುಗಿಯಿತು. ಚಮ್ಮಟಿಗೆ ಎಷ್ಟು ದೊಡ್ಡದಾದರೇನು, ಎತ್ತಲು ಜಾಗ ಬೇಕಲ್ಲ. ಕಲ್ಲು ಕ್ವಾರಿಯಲ್ಲಿ ಕೆಲಸ ಮಾಡಿದ ಯಾರನ್ನಾದರೂ ಕೇಳಿ.

ಸರಿ, ತೀರ್ಪು ಬೇಕು ನಿಮಗೆ. ತುದಿಯ ಮೂರು ನಾಲ್ಕು ಹೆಸರು ಮಾತ್ರ ನೋಡಿದರೆ ಅಲಿ ಪಟ್ಟಿಗೆ ಸಾಟಿ ಇಲ್ಲ: ಲಿಸ್ಟನ್, ಫೋರ್‌ಮನ್, ಶೇವರ್ಸ್, ಜೊತೆಗೆ ಫ್ರೇಜಿಯರ್ ಎಡಗೈ, ರಾನ್ ಲೈಲ್. ಪಟ್ಟಿಯ ಉದ್ದ ನೋಡಿದರೆ ಲೂಯಿಸ್. ಟೈಸನ್ ಪಟ್ಟಿಯನ್ನು ನಾನು ಇವೆರಡರ ಕೆಳಗೆ ಇಡುತ್ತೇನೆ. ಅವನ ಒಳ್ಳೆ ದಿನಗಳ ಎದುರಾಳಿಗಳಲ್ಲಿ ಸುಮಾರು ಜನ ಗಂಟೆ ಹೊಡೆಯುವ ಮೊದಲೇ ಹೆದರಿ ಸೋತಿದ್ದರು. ಹೆದರಿದವನ ಗುದ್ದಿಗೆ ಕಾಲು ಸಹಾಯ ಮಾಡುವುದಿಲ್ಲ. ಹೆದರದೆ ಬಂದ ಬಸ್ಟರ್ ಡಗ್ಲಸ್, ಅಂಥ ಗುದ್ದಿನವನು ಅಂತ ಯಾರೂ ಲೆಕ್ಕಕ್ಕೆ ಇಟ್ಟಿರದಿದ್ದವನು, 1990ರ ಫೆಬ್ರವರಿ 11ರಂದು ಟೋಕಿಯೊದಲ್ಲಿ ಅವನನ್ನು 10ನೇ ರೌಂಡಿನಲ್ಲಿ ಮಲಗಿಸಿದ.

ಆದರೆ ನನ್ನ ಆಯ್ಕೆ ನಿಮ್ಮಿಬ್ಬರದ್ದೂ ಅಲ್ಲ. ಇವಾಂಡರ್ ಹೋಲಿಫೀಲ್ಡ್. ನೀವು 51 ಅಂತ ಬರೆದು ಕೆಳಗೆ ಹಾಕಿದ್ದೀರಲ್ಲ, ಅವನೇ. ಅವನು ಕೆಳಗಿನ ತೂಕದಿಂದ, ಕ್ರೂಸರ್‌ವೇಟ್‌ನಿಂದ ಬಂದವನು. 1991ರಲ್ಲಿ ಫೋರ್‌ಮನ್ ಜೊತೆ ಆಡುವಾಗ ಇವನು 94 ಕೆಜಿ, ಅವನು 116ರ ಮೇಲೆ. 22 ಕೆಜಿ ವ್ಯತ್ಯಾಸ, ಒಂದೂವರೆ ಟೊಮೆಟೊ ಬಾಕ್ಸ್! 12 ರೌಂಡ್ ನಿಂತು ಗೆದ್ದ. ಆಮೇಲೆ ರಿಡಿಕ್ ಬೋ ಜೊತೆ ಮೂರು ಸಲ, ಟೈಸನ್ ಜೊತೆ ಎರಡು ಸಲ, ಲೂಯಿಸ್ ಜೊತೆ ಎರಡು ಸಲ. ತನ್ನ ಮೈತೂಕಕ್ಕೆ ಹೋಲಿಸಿದರೆ ಅಷ್ಟು ಭಾರ ಹೊತ್ತ ಚಾಂಪಿಯನ್ ಇನ್ನೊಬ್ಬ ನನಗೆ ಕಾಣುವುದಿಲ್ಲ. ನಿಮ್ಮ ಸ್ನೇಹಿತ ಇದಕ್ಕೂ ಜಗಳ ತೆಗೆಯಬಹುದು, ತೆಗೆಯಲಿ.

ಈಗ ಹುಡುಗನ ವಿಷಯ.

ಅವನು ಅಲಿಯ ಕಥೆಯನ್ನು ಅರ್ಧ ಕೇಳಿದ್ದಾನೆ. ಕಿನ್ಶಾಸಾದಲ್ಲಿ ಹಗ್ಗಕ್ಕೆ ಒರಗಿ ಅಲಿ ತಿಂದ ಏಟುಗಳಲ್ಲಿ ಹೆಚ್ಚಿನವು ಮುಂದೋಳಿಗೆ, ಭುಜಕ್ಕೆ, ಪಕ್ಕೆಗೆ. ತಲೆಯನ್ನು ಹಗ್ಗದ ಆಚೆಗೆ ವಾಲಿಸಿ ದೂರ ಇಟ್ಟುಕೊಂಡಿದ್ದ. ಗದ್ದ ಒಡ್ಡಿ ನಿಂತಿರಲಿಲ್ಲ. ಆ ಪಂದ್ಯದ ವಿಡಿಯೊ ಸಿಗುತ್ತದೆ. ಹುಡುಗನ ಪಕ್ಕ ಕೂತು ಒಂದೊಂದು ಗುದ್ದೂ ಎಲ್ಲಿ ಬಿತ್ತು ಅಂತ ಎಣಿಸಿ. ಲೆಕ್ಕ ಬರೆಯುವುದು ನಿಮಗೆ ಹೇಗಿದ್ದರೂ ಬರುತ್ತದೆ.

ಕಥೆಯ ಇನ್ನರ್ಧ ಮೂರು ವರ್ಷದ ನಂತರದ್ದು. 1977ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಶೇವರ್ಸ್ ಜೊತೆ 15 ರೌಂಡ್. 2ನೇ ರೌಂಡಿನಲ್ಲಿ ಒಂದು ರೈಟ್‌ಗೆ ಅಲಿ ಅಲ್ಲಾಡಿಹೋದ. ಏನೂ ಆಗಿಲ್ಲ ಅನ್ನುವ ನಾಟಕ ಆಡಿ ಬಚಾವಾದ. ಬೀಳಲಿಲ್ಲ, ಪಾಯಿಂಟ್ ಮೇಲೆ ಗೆದ್ದ. ಅವನ ಡಾಕ್ಟರ್ ಫರ್ಡಿ ಪಚೆಕೊ ಆಟ ಬಿಡು ಅಂತ ಬೇಡಿಕೊಂಡು, ಕೇಳದೆ ಹೋದಾಗ, ಆ ಪಂದ್ಯದ ನಂತರ ಅವನ ಬಳಗ ಬಿಟ್ಟು ಹೊರಟುಹೋದರು. 1984ರಲ್ಲಿ ಅಲಿಗೆ ಪಾರ್ಕಿನ್ಸನ್ ಇದೆ ಅಂತ ಗೊತ್ತಾಯಿತು, ಆಗ ಅವನಿಗೆ 42 ವರ್ಷ. ಕಾಯಿಲೆ ಇಂಥ ಒಂದು ಏಟಿನಿಂದ ಬಂತು ಅಂತ ಯಾರೂ ಬೆರಳಿಟ್ಟು ತೋರಿಸಲಾರರು. ಆದರೆ ಬೀಳಲಿಲ್ಲ ಅಂದರೆ ಏಟು ಒಳಗೆ ಇಳಿಯಲಿಲ್ಲ ಅಂತ ಅರ್ಥ ಅಲ್ಲ.

ಇದನ್ನು ನಾನು ಕಲಿತದ್ದು ನನ್ನ ತಪ್ಪಿನಿಂದ. ಹದಿಮೂರು ಹದಿನಾಲ್ಕು ವರ್ಷದ ಹಿಂದಿನ ಮಾತು. ಮುಳಬಾಗಿಲು ಕಡೆಯ ಒಬ್ಬ ಹುಡುಗ, 60 ಕೆಜಿ ಇರಬಹುದು. ಅವತ್ತು ಅವನ ಜೋಡಿ ಬಂದಿರಲಿಲ್ಲ. ದೊಡ್ಡವನ ಜೊತೆ ಎರಡು ರೌಂಡ್ ಆಡು ಅಂತ ನಾನೇ ಹೇಳಿದೆ. ಹೆಡ್‌ಗಾರ್ಡ್ ಹಾಕಿದ್ದ. ಚೆನ್ನಾಗೇ ಆಡಿದ. ಒಂದು ಹುಕ್ ಬಿತ್ತು, ಕಾಲು ಮಡಚಲಿಲ್ಲ, ರೌಂಡ್ ಮುಗಿಸಿದ. ಭೇಷ್ ಅಂದೆ. ಗ್ಲೌಸ್ ಬಿಚ್ಚುತ್ತಾ, "ಸಾರ್, ಮುಳಬಾಗಿಲು ಬಸ್ಸು ಎಷ್ಟೊತ್ತಿಗೆ?" ಅಂತ ಕೇಳಿದ. ಹೇಳಿದೆ. ಬಟ್ಟೆ ಬದಲಾಯಿಸಿ ಬಂದು ಮತ್ತೆ ಅದನ್ನೇ ಕೇಳಿದ. ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಾ ಮೂರನೇ ಸಲ, ಅದೇ ದನಿಯಲ್ಲಿ, ಅದೇ ಮಾತು. ನನ್ನ ಕೈಕಾಲು ತಣ್ಣಗಾಯಿತು. ಅವನನ್ನು ಬಸ್ಸು ಹತ್ತಿಸಲಿಲ್ಲ, ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹುಷಾರಾದ. ಆದರೆ ಆಟ ಬಿಟ್ಟ. ಅವರಮ್ಮ ನನಗೆ ಒಂದು ಮಾತೂ ಬೈಯಲಿಲ್ಲ, ಅದೇ ಇವತ್ತಿಗೂ ಚುಚ್ಚುತ್ತದೆ.

ಹೆಡ್‌ಗಾರ್ಡ್ ಬಗ್ಗೆ ಎಲ್ಲರಿಗೂ ತಪ್ಪು ತಿಳುವಳಿಕೆ ಇದೆ. ಹುಬ್ಬು ಒಡೆಯುವುದನ್ನು, ಕಿವಿ ಊದುವುದನ್ನು ಅದು ತಡೆಯುತ್ತದೆ. ತಲೆ ಗಿರ್ರನೆ ತಿರುಗುವುದನ್ನು ತಡೆಯುವುದಿಲ್ಲ. ದೊಡ್ಡವರ ಅಮೆಚೂರ್ ಪಂದ್ಯಗಳಲ್ಲಿ ಗಂಡಸರಿಗೆ 2013ರಿಂದ ಅದನ್ನು ತೆಗೆದೇ ಬಿಟ್ಟರು. ಹುಡುಗರು ಹಾಕಲೇಬೇಕು, ಹಾಕಲಿ. ಅದು ಇದೆ ಅಂತ ಧೈರ್ಯ ಮಾತ್ರ ಬೇಡ.

ಮುಂದೆ ಏನು ಮಾಡಬಹುದು? ಪೂರ್ತಿ ಬಿಡಿಸುವುದು ಒಂದು ದಾರಿ. ಅಕ್ಕ ಅದನ್ನೇ ಹೇಳುತ್ತಿರಬಹುದು, ತಪ್ಪೇನಿಲ್ಲ. ಆದರೆ 16ರ ಹುಡುಗನಿಗೆ ಬೇಡ ಅಂದರೆ ಮನೆಗೆ ಹೇಳದೆ ಇನ್ನೆಲ್ಲೋ ಹೋಗಿ ಆಡುವ ಭಯ ಇದೆ. ಆಗ ತಲೆನೋವು ಬಂದರೂ ನಿಮಗೆ ಗೊತ್ತಾಗುವುದಿಲ್ಲ. ಈಗಿನ ಹಾಗೇ ನಡೆಯಲಿ ಅನ್ನುವುದು ಎರಡನೆಯದು, ಅದನ್ನು ನಾನು ಒಪ್ಪುವುದೇ ಇಲ್ಲ. ಮೊದಲ ಏಟಿನಿಂದ ಮಿದುಳು ಸುಧಾರಿಸಿಕೊಳ್ಳುವ ಮೊದಲು ಎರಡನೇ ಏಟು ಬಿದ್ದರೆ ಊತ ಬಂದು ಜೀವಕ್ಕೇ ಬರಬಹುದು, ಅದೂ ಹೆಚ್ಚಾಗಿ ಈ ವಯಸ್ಸಿನವರಲ್ಲೇ. ಪಂದ್ಯದಲ್ಲಿ ತಲೆ ಏಟಿಗೆ ನಾಕೌಟ್ ಆದವನನ್ನು ಕನಿಷ್ಠ 30 ದಿನ ರಿಂಗಿನಿಂದ ಹೊರಗಿಡುವ ನಿಯಮ ಸುಮ್ಮನೆ ಮಾಡಿದ್ದಲ್ಲ. ಸ್ಪಾರಿಂಗ್‌ನಲ್ಲಿ ಬಿದ್ದ ಏಟಿಗೆ ಆ ರಿಜಿಸ್ಟರ್ ಇಲ್ಲ, ಅದೇ ತೊಂದರೆ.

ನಾನಾದರೆ ಹೀಗೆ ಮಾಡುತ್ತೇನೆ. ಡಾಕ್ಟರು ಸರಿ ಅನ್ನುವವರೆಗೂ ಸ್ಪಾರಿಂಗ್ ಪೂರ್ತಿ ಬಂದ್. ಅವರು ಒಪ್ಪಿದ ಮೇಲೆ ಮೊದಲು ನಡಿಗೆ, ಆಮೇಲೆ ಓಟ, ಸ್ಕಿಪ್ಪಿಂಗ್, ಎದುರಾಳಿ ಇಲ್ಲದೆ ಗಾಳಿಗೆ ಗುದ್ದುವ ನೆರಳು ಬಾಕ್ಸಿಂಗ್, ಚೀಲ. ಪ್ರತಿ ಹಂತದಲ್ಲೂ ತಲೆನೋವು ಮತ್ತೆ ಬಂತಾ ಅಂತ ನೋಡಬೇಕು. ಬಂದರೆ ಒಂದು ಹಂತ ಹಿಂದಕ್ಕೆ. ಗದ್ದ ಗಟ್ಟಿಯಾಗದಿದ್ದರೂ ಕತ್ತು ಗಟ್ಟಿಯಾಗುತ್ತದೆ. ನಿಮ್ಮ ಅಜ್ಜನ ಕಾಲದ ಗರಡಿಯವರು ಕತ್ತಿಗೆ ಮಾಡಿಸುತ್ತಿದ್ದ ಕಸರತ್ತು ಸುಳ್ಳಲ್ಲ. ಅದು ಸ್ವಲ್ಪ ಸಹಾಯ ಮಾಡುತ್ತದೆ, ಆದರೆ ರಕ್ಷಾಕವಚ ಅಲ್ಲ. ಮತ್ತೆ ಸ್ಪಾರಿಂಗ್ ಶುರುವಾದಾಗ ಜೋಡಿ ಅವನ ತೂಕದವನೇ ಆಗಬೇಕು, ಎರಡು ಮೂರು ಕೆಜಿ ಆ ಕಡೆ ಈ ಕಡೆ. 14 ಕೆಜಿ ಅಂದರೆ ಆಟದ ನಿಯಮದಲ್ಲಿ ಅವರಿಬ್ಬರೂ ಎದುರುಬದುರು ನಿಲ್ಲುವ ಹಾಗೇ ಇಲ್ಲ.

ಕೋಚ್ ಹತ್ತಿರ ನೀವೇ ಹೋಗಿ ಮಾತಾಡಿ, ಜಗಳಕ್ಕಲ್ಲ. ಒಂದೇ ಪ್ರಶ್ನೆ ಕೇಳಿ: "ಸಾರ್, ಹುಡುಗನಿಗೆ ಏಟು ಬಿದ್ದ ದಿನ ನೀವು ಏನು ಮಾಡುತ್ತೀರಿ?" ಏಟಿನ ಲೆಕ್ಕ ಇಡುತ್ತೇನೆ, ಕೂರಿಸುತ್ತೇನೆ, ಮನೆಗೆ ಫೋನ್ ಮಾಡುತ್ತೇನೆ ಅಂದರೆ ಹುಡುಗನನ್ನು ಅಲ್ಲೇ ಬಿಡಿ. ಗಂಡುಮಕ್ಕಳು ತಿಂದು ಗಟ್ಟಿಯಾಗಬೇಕು ಅಂತ ನಕ್ಕರೆ ಬ್ಯಾಗ್ ಎತ್ತಿಕೊಂಡು ಬನ್ನಿ.

ಪುಸ್ತಕ ಎಸೆಯಬೇಡಿ. ಫೋರ್‌ಮನ್, ಶೇವರ್ಸ್ ಸಾಲು ಹಾಗೇ ಇರಲಿ. ಹಿಂದಿನ ಖಾಲಿ ಪುಟದಲ್ಲಿ ಹುಡುಗನ ಹೆಸರು ಬರೆದು, ತಾರೀಖು, ಯಾರ ಜೊತೆ ಎಷ್ಟು ರೌಂಡ್, ತಲೆಗೆ ಏಟು ಬಿತ್ತಾ, ರಾತ್ರಿ ನಿದ್ದೆ ಬಂತಾ ಅಂತ ನಾಲ್ಕು ಕಾಲಂ ಹಾಕಿ. ಡಾಕ್ಟರ ಹತ್ತಿರ ಹೋಗುವಾಗ ಅದನ್ನೂ ತೆಗೆದುಕೊಂಡು ಹೋಗಿ.